ಮನೆಗೇ ಬರುವ ಫಿಸಿಯೋಥೆರಪಿ: ದಾವಣಗೆರೆಯಲ್ಲಿ ಎಂಥ ಸೇವೆಗೆ ದುಡ್ಡು ಕೊಡಬಹುದು

ಆಪರೇಷನ್ ಆದ ಮೊದಲ ಮೂರ್ನಾಲ್ಕು ವಾರ ಮನೆಗೆ ಬರುವ ಫಿಸಿಯೋಥೆರಪಿಗೆ ಕೊಟ್ಟ ದುಡ್ಡು ದಂಡ ಅಲ್ಲ. ಮಂಡಿ ಬದಲಾಯಿಸಿಕೊಂಡವರು, ಸೊಂಟದ ಬಾಲ್ ಹಾಕಿಸಿಕೊಂಡವರು, ತೊಡೆ ಮೂಳೆಗೆ ರಾಡ್ ಕೂರಿಸಿಕೊಂಡವರು ದಿನಾ ಆಟೋ ಹತ್ತಿ ಇಳಿದು ಕ್ಲಿನಿಕ್ಕಿಗೆ ಹೋಗಿಬರುವಷ್ಟರಲ್ಲೇ ಸುಸ್ತಾಗಿ, ವ್ಯಾಯಾಮಕ್ಕೆ ಶಕ್ತಿಯೇ ಉಳಿದಿರುವುದಿಲ್ಲ. ಅಂಥವರಿಗೆ ಈ ಸೇವೆ ಬೇಕೇ ಬೇಕು. ಆದರೆ ಊರಲ್ಲಿ ಸಿಗುವ ಸೇವೆಗಳೆಲ್ಲ ಒಂದೇ ದರ್ಜೆಯವಲ್ಲ. ಕೊಟ್ಟ ದುಡ್ಡು ಚೀಲದಲ್ಲಿ ತಂದ ಯಂತ್ರಕ್ಕೆ ಹೋಗುತ್ತಿದೆಯೋ, ಬಂದವರ ಕೈ, ಕಣ್ಣು, ಓದಿಗೆ ಹೋಗುತ್ತಿದೆಯೋ ಎಂದು ನೋಡಬೇಕು. ಮೊದಲ ದಿನವೇ ಇದನ್ನು ಕಂಡುಹಿಡಿಯಬಹುದು.

ಒಳ್ಳೆಯ ಫಿಸಿಯೋ ಬಂದ ಕೂಡಲೇ ಕಾಲು ಹಿಡಿಯುವುದಿಲ್ಲ. ಕೈ ತೊಳೆದು, ಡಿಸ್ಚಾರ್ಜ್ ಕಾಗದ ಮತ್ತು ಎಕ್ಸ್‌ರೇ ಕೇಳುತ್ತಾರೆ. ಬಾಪೂಜಿ ಆಸ್ಪತ್ರೆಯಿಂದ ಬಂದಿರಲಿ, ಎಸ್.ಎಸ್. ಆಸ್ಪತ್ರೆಯಿಂದ ಬಂದಿರಲಿ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ಬಂದಿರಲಿ, ಆ ಕಾಗದದಲ್ಲಿ ಮೂರು ಸಂಗತಿ ಹುಡುಕುತ್ತಾರೆ: ಯಾವ ಆಪರೇಷನ್, ಯಾವ ದಿನ, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು. ಭಾರದ ಬಗ್ಗೆ ಏನೂ ಬರೆದಿಲ್ಲದಿದ್ದರೆ ಸರ್ಜನ್‌ಗೆ ಫೋನ್ ಹಚ್ಚಿ ಕೇಳಿದ ಮೇಲೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. "ನೋಡೋಣ, ನಿಧಾನಕ್ಕೆ ನಡೆಸೋಣ ಬಿಡಿ" ಅನ್ನುವವರನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಆಮೇಲೆ ಗಾಯದ ಸುತ್ತ ಕೆಂಪಾಗಿದೆಯೇ, ಬಿಸಿ ಇದೆಯೇ, ಪಟ್ಟಿ ಒದ್ದೆಯಾಗಿದೆಯೇ ನೋಡುತ್ತಾರೆ. ಎರಡೂ ಮೀನಖಂಡ ಮುಟ್ಟಿ ಹೋಲಿಸುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯಕ್ಕೆ ಪೇಸ್‌ಮೇಕರ್ ಇದೆಯೇ ಎಂದು ಕೇಳುತ್ತಾರೆ. ಇಷ್ಟಕ್ಕೇ ಹದಿನೈದು ಇಪ್ಪತ್ತು ನಿಮಿಷ ಬೇಕು. ಮೊದಲ ಭೇಟಿಗೆ ಒಂದು ಗಂಟೆಯಾದರೂ ಬೇಡವೆನ್ನಬೇಡಿ.

ಆಮೇಲೆ ಚೀಲದಿಂದ ಗೋನಿಯೋಮೀಟರ್ ಹೊರಗೆ ಬರಬೇಕು. ಎರಡು ಪಟ್ಟಿ ಸೇರಿಸಿದ ಕೋನಮಾಪಕ ಅದು, ಪ್ಲಾಸ್ಟಿಕ್‌ನದು. ಅದರ ನಡುವನ್ನು ಮಂಡಿಯ ಹೊರಬದಿಯ ಮೂಳೆ ಉಬ್ಬಿನ ಮೇಲಿಟ್ಟು, ಒಂದು ಪಟ್ಟಿ ತೊಡೆಯ ಮೇಲ್ತುದಿಯ ಹೊರ ಉಬ್ಬಿನ ಕಡೆಗೆ, ಇನ್ನೊಂದು ಕಾಲ್ಗಿಣ್ಣಿನ ಹೊರ ಉಬ್ಬಿನ ಕಡೆಗೆ ಹಿಡಿದು ಓದುತ್ತಾರೆ. ಮಂಡಿ ಎಷ್ಟು ಮಡಚುತ್ತದೆ, ಎಷ್ಟು ನೇರವಾಗುತ್ತದೆ, ಎರಡನ್ನೂ ತಾರೀಖು ಹಾಕಿ ಬರೆಯಬೇಕು. ಕಣ್ಣಂದಾಜಿನಲ್ಲಿ "ತೊಂಬತ್ತು ಬಂದಿದೆ" ಅಂದರೆ ಹತ್ತು ಡಿಗ್ರಿ ಆಚೀಚೆ ಆಗಿರುತ್ತದೆ, ಮತ್ತು ಆ ಹತ್ತು ಡಿಗ್ರಿಯಲ್ಲೇ ಎಷ್ಟೋ ವ್ಯತ್ಯಾಸವಿದೆ: ಮೆಟ್ಟಿಲು ಹತ್ತಲು ಮಂಡಿ ಸುಮಾರು 85ರಿಂದ 90 ಡಿಗ್ರಿ ಮಡಚಬೇಕು, ತಗ್ಗಿನ ಕುರ್ಚಿಯಿಂದ ಏಳಲು 105ರ ಹತ್ತಿರ ಬೇಕು. ಅಳತೆ ಬರೆಯದ ಸೇವೆಗೆ ದಿನಾ ದುಡ್ಡು ಕೊಡುವುದಕ್ಕೆ ಕಾರಣವೇ ಇಲ್ಲ.

ಮಂಡಿ ಬದಲಾವಣೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಈ ಸೇವೆಯ ಒಳಿತು ಕೆಡಕು ಹೆಚ್ಚು ಕಾಣುವುದು ಅಲ್ಲೇ. ಮನೆಯವರ ಗಮನವೆಲ್ಲ ಮಡಚುವುದರ ಮೇಲಿರುತ್ತದೆ. ಆದರೆ ಮೊದಲ ವಾರಗಳಲ್ಲಿ ಕೈತಪ್ಪಿ ಹೋಗುವುದು ನೇರವಾಗುವುದು. ನೋವು ಕಡಿಮೆಯಾಗಲಿ ಎಂದು ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಹಾಯಾಗಿಯೇನೋ ಇರುತ್ತದೆ, ಆದರೆ ಮಂಡಿ ಹಾಗೆಯೇ ಸ್ವಲ್ಪ ಮಡಚಿಕೊಂಡೇ ಬಿಗಿದುಬಿಡುತ್ತದೆ. ಹತ್ತು ಡಿಗ್ರಿ ಮಡಚಿಕೊಂಡೇ ಉಳಿದ ಕಾಲಲ್ಲಿ ನಿಂತರೆ ತೊಡೆಯ ಮುಂದಿನ ಸ್ನಾಯು ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿಯಬೇಕು. ಅದಕ್ಕೇ ಸ್ವಲ್ಪ ದೂರ ನಡೆದರೂ ಸಾಕಾಗಿಹೋಗುತ್ತದೆ.

ಇದಕ್ಕೆ ಮದ್ದು ಒಂದು ಟವೆಲ್. ಅದನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಡಬೇಕು, ಮಂಡಿಯ ಕೆಳಗೆ ಏನೂ ಇರಬಾರದು. ಕಾಲಿನ ಭಾರಕ್ಕೇ ಮಂಡಿ ಕೆಳಗೆ ಇಳಿಯುತ್ತದೆ. ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಅದರ ಜೊತೆಗೆ ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಹಿಡಿದು ಐದು ಎಣಿಸಿ ಬಿಡುವುದು, ಹತ್ತು ಸಲ. ಒಳ್ಳೆಯ ಫಿಸಿಯೋ ಆಗ ಮಂಡಿಯ ಹಿಂದೆ ತಮ್ಮ ಅಂಗೈ ತೂರಿಸಿ ನೋಡುತ್ತಾರೆ. "ಅಮ್ಮಾ, ನನ್ನ ಕೈ ಒತ್ತಿ, ಇನ್ನೂ ಒತ್ತಿ" ಎಂದಾಗ ಕೈ ಸಿಕ್ಕಿಕೊಳ್ಳುವಷ್ಟು ಒತ್ತಡ ಬಂತೋ ಸ್ನಾಯು ಎದ್ದಿದೆ ಎಂದರ್ಥ. ಕೈ ಸಲೀಸಾಗಿ ಆಚೆ ಬಂದರೆ ಇನ್ನೂ ಎದ್ದಿಲ್ಲ. ಕಾಲನ್ನು ನೇರ ಎತ್ತಿಸಿದಾಗ ಮಂಡಿ ಜೋಲು ಬಿದ್ದರೆ ಅದೂ ಇದೇ ಲಕ್ಷಣ. ಅಂಥವರನ್ನು ವಾಕರ್ ಬಿಡಿಸಿ ನಡೆಸುವುದು ಅಪಾಯ, ಮಂಡಿ ಕುಸಿದು ಬೀಳುತ್ತಾರೆ.

ಮಡಚುವುದು ಸಾಮಾನ್ಯವಾಗಿ ಎರಡನೆಯ ವಾರದ ಕೊನೆಗೆ 90 ಡಿಗ್ರಿಯ ಆಸುಪಾಸು, ಮೂರು ತಿಂಗಳಿಗೆ 110ರಿಂದ 120. ಆಪರೇಷನ್‌ಗೆ ಮುಂಚೆಯೇ ಮಂಡಿ ಬಿಗಿದಿದ್ದವರಿಗೆ ಇದಕ್ಕಿಂತ ಕಡಿಮೆಯೇ ಸಿಗಬಹುದು, ಅದನ್ನು ಮೊದಲೇ ಹೇಳುವವರು ಪ್ರಾಮಾಣಿಕರು. ಮಂಚದ ಅಂಚಿನಲ್ಲಿ ಕೂತು ಚೆನ್ನಾಗಿರುವ ಕಾಲಿನಿಂದ ಆಪರೇಷನ್ ಆದ ಕಾಲನ್ನು ತಾವೇ ಹಿಂದಕ್ಕೆ ತಳ್ಳಿಕೊಳ್ಳುವುದು ಮೊದಲ ಪಾಠ. ರೋಗಿ ಕಿರುಚುವಷ್ಟು ಒತ್ತಿ ಮಡಚುವುದು ಪರಾಕ್ರಮವಲ್ಲ. ಹಾಗೆ ಒತ್ತಿದ ರಾತ್ರಿ ಮಂಡಿ ಊದಿಕೊಂಡು, ಮರುದಿನ ಇದ್ದ ಡಿಗ್ರಿಯೂ ಹೋಗಿರುತ್ತದೆ. ವ್ಯಾಯಾಮದ ನೋವು ಒಂದೆರಡು ಗಂಟೆಯಲ್ಲಿ ಇಳಿಯಬೇಕು. ಮರುದಿನ ಬೆಳಿಗ್ಗೆಯೂ ಊತ ಹೆಚ್ಚಾಗಿದ್ದರೆ ಹಿಂದಿನ ದಿನ ಅತಿಯಾಗಿದೆ ಎಂದು ತಿಳಿದು ಆ ದಿನ ಕಡಿಮೆ ಮಾಡಬೇಕು. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯನ್ನು ಫಿಸಿಯೋ ಬರುವ ಮುಕ್ಕಾಲು ಗಂಟೆ ಮೊದಲು, ತಿಂಡಿ ತಿಂದ ಮೇಲೆ ತೆಗೆದುಕೊಂಡರೆ ಕೆಲಸ ಸಲೀಸು. ಮುಗಿದ ಮೇಲೆ ಐಸ್ 15 ನಿಮಿಷ, ಒದ್ದೆ ಬಟ್ಟೆಯಲ್ಲಿ ಸುತ್ತಿ. ಬರಿ ಮಂಜುಗಡ್ಡೆಯನ್ನು ಚರ್ಮಕ್ಕೆ ಇಟ್ಟರೆ ಚರ್ಮ ಸುಡುತ್ತದೆ.

ಈಗ ಯಂತ್ರಗಳು. ನಮ್ಮ ಕಡೆ ಜನ "ಕರೆಂಟ್ ಕೊಟ್ರಾ?" ಎಂದು ಕೇಳುವುದರಿಂದಲೇ ಎಷ್ಟೋ ಫಿಸಿಯೋಗಳು ಯಂತ್ರ ಹೊತ್ತು ತರುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ. ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಹರಿಸುವ ಐಎಫ್‌ಟಿ, ಟೆನ್ಸ್ ಯಂತ್ರಗಳೆರಡೂ ಸ್ವಲ್ಪ ಹೊತ್ತು ನೋವು ಕಡಿಮೆ ಮಾಡುತ್ತವೆ, ಸ್ನಾಯುವಿಗೆ ಬಲ ಕೊಡುವುದಿಲ್ಲ, ಮಂಡಿ ಮಡಚಿಸುವುದಿಲ್ಲ. 45 ನಿಮಿಷದ ಭೇಟಿಯಲ್ಲಿ 25 ನಿಮಿಷ ಪ್ಯಾಡ್ ಅಂಟಿಸಿ ಮೊಬೈಲ್ ನೋಡುತ್ತ ಕೂತರೆ ನೀವು ಕೊಟ್ಟ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಒಂದು ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಡಬೇಕು: ಮಂಡಿ ಆಪರೇಷನ್ ಆದ ಹೊಸದರಲ್ಲಿ ತೊಡೆ ಸ್ನಾಯು ಬಿಗಿಯಾಗದೇ ಹೋದಾಗ ಅದನ್ನು ಎಬ್ಬಿಸಲು ಮಸಲ್ ಸ್ಟಿಮ್ಯುಲೇಟರ್ ನಿಜಕ್ಕೂ ನೆರವಾಗುತ್ತದೆ, ಅದೂ ರೋಗಿ ಜೊತೆಜೊತೆಗೆ ತಾನೂ ತೊಡೆ ಬಿಗಿ ಹಿಡಿದರೆ.

ಮಂಡಿಯನ್ನು ತಾನೇ ಮಡಚಿ ಬಿಡಿಸುವ ಸಿಪಿಎಂ ಯಂತ್ರವನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ಅದರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2014ರ ಕಾಕ್ರೇನ್ ಪರಿಶೀಲನೆಯಲ್ಲಿ ಮಂಡಿ ಮಡಚುವುದರಲ್ಲಿ ಸಿಕ್ಕ ಲಾಭ ಸರಾಸರಿ 2 ಡಿಗ್ರಿಯಷ್ಟು. ಅಷ್ಟಕ್ಕೆ ಬಾಡಿಗೆ ಕಟ್ಟುವ ಬದಲು ಅದೇ ದುಡ್ಡಲ್ಲಿ ಇನ್ನೂ ಒಂದೆರಡು ಭೇಟಿ ಮಾಡಿಸಿಕೊಳ್ಳುವುದು ಮೇಲು.

ಯಂತ್ರದಿಂದ ಕೆಡುಕೂ ಆಗುತ್ತದೆ, ಅದನ್ನು ಮನೆಯವರೂ ತಿಳಿದಿರಬೇಕು. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಚಿಕಿತ್ಸೆ ಬೇಡ. ಪ್ಲೇಟು, ರಾಡು ಇರುವ ಜಾಗಕ್ಕೆ ರೇಡಿಯೋ ಅಲೆಯಿಂದ ಒಳಗೆ ಶಾಖ ಹುಟ್ಟಿಸುವ ಶಾರ್ಟ್‌ವೇವ್ ಡಯಾಥರ್ಮಿ ಕೊಡಲೇಬಾರದು, ಲೋಹ ಕಾದು ಸುತ್ತಲ ಮಾಂಸ ಸುಡುತ್ತದೆ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಜೋಮು ಹಿಡಿದವರಿಗೆ ಬಿಸಿ ಶಾಖದ ಪ್ಯಾಕ್ ಇಟ್ಟರೆ ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಮನೆಯವರ ಕಣ್ಣಿಗೆ ಬೀಳುತ್ತದೆ. ಶಾಖ ಕೊಡುವ ಮೊದಲು ಬಿಸಿ ತಣ್ಣಗೆ ಎರಡನ್ನೂ ಮುಟ್ಟಿಸಿ ಪರೀಕ್ಷಿಸದವರಿಂದ ಶಾಖ ಬೇಡ ಅನ್ನಿ.

ಸೊಂಟದ ಬಾಲ್ ಮುರಿದು ಅರ್ಧ ಕೀಲು ಅಥವಾ ಪೂರ್ತಿ ಕೀಲು ಹಾಕಿಸಿಕೊಂಡವರ ಮನೆಯಲ್ಲಿ ಫಿಸಿಯೋ ಅವರ ಮೊದಲ ಕೆಲಸ ಮನೆ ನೋಡುವುದು. ಹಿಂದಿನಿಂದ ಸೀಳಿ ಮಾಡಿದ ಆಪರೇಷನ್ ಆದರೆ ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕಾಲನ್ನು ಒಳಮುಖ ತಿರುಗಿಸಬಾರದು. ಎಷ್ಟು ವಾರ ಎಂದು ಸರ್ಜನ್ ಹೇಳುತ್ತಾರೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು. ಈ ನಿಯಮವನ್ನು ಬರಿ ಬಾಯಲ್ಲಿ ಹೇಳಿ ಹೋದರೆ ಪ್ರಯೋಜನವಿಲ್ಲ. ತಗ್ಗಿನ ಮಂಚ, ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ಪಡಸಾಲೆಯ ಚಾಪೆ, ನೆಲದಲ್ಲಿಟ್ಟ ಚಪ್ಪಲಿ, ನಮ್ಮ ಮನೆಗಳಲ್ಲಿ ಎಲ್ಲವೂ ಬಗ್ಗು ಅನ್ನುತ್ತವೆ. ಕೂತಾಗ ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರಬೇಕು, ಅಷ್ಟು ಎತ್ತರಕ್ಕೆ ಮಂಚದ ಕಾಲಿಗೆ ಮರದ ತುಂಡು ಕೊಡಿಸಿ, ಕಮೋಡ್ ಕುರ್ಚಿ ತರಿಸಿ, ಮಗ್ಗುಲಾಗುವಾಗ ಎರಡು ಕಾಲಿನ ನಡುವೆ ದಪ್ಪ ದಿಂಬು ಇಡಿಸಿ ಹೋಗುವವರು ನಿಜವಾದ ಮನೆ ಸೇವೆ ಕೊಡುತ್ತಿದ್ದಾರೆ. ಕ್ಲಿನಿಕ್‌ನಲ್ಲಿ ಕೂತವರಿಗೆ ನಿಮ್ಮ ಬಚ್ಚಲು ಕಾಣುವುದಿಲ್ಲ.

ವಾಕರ್ ವಿಷಯವೂ ಹಾಗೆಯೇ. ರೋಗಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಪಕ್ಕದ ಮನೆಯಿಂದ ತಂದ ವಾಕರ್ ಅನ್ನು ಹಾಗೇ ಬಳಸಿ ಗೂನಾಗಿ ನಡೆಯುವುದು ಎಲ್ಲ ಬಡಾವಣೆಯಲ್ಲೂ ಕಾಣುತ್ತದೆ. ಕಾಲಿನ ತುದಿಯ ರಬ್ಬರ್ ಸವೆದಿದ್ದರೆ ಗ್ರಾನೈಟ್ ನೆಲದ ಮೇಲೆ ಜಾರುತ್ತದೆ. ಹಳೇ ಪೇಟೆಯ ಮನೆಗಳ ಎತ್ತರದ ಹೊಸ್ತಿಲು ದಾಟುವುದನ್ನು ಬೇರೆಯಾಗಿಯೇ ಕಲಿಸಬೇಕು: ಮೊದಲು ನಾಲ್ಕೂ ಕಾಲು ಆಚೆ ಇಟ್ಟ ವಾಕರ್ ಅಲುಗದಂತೆ ನೋಡಿಕೊಂಡು, ಆಮೇಲೆ ಹೆಜ್ಜೆ. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮುಂದೆ ಕೋಲಿಗೆ ಬಂದಾಗ ಅದು ಎದುರು ಬದಿಯ ಕೈಯಲ್ಲಿರಬೇಕು. ಸೀರೆ ಉಡುವವರಿಗೆ ಕೆಲವು ವಾರ ಗಿಣ್ಣಿನ ಮೇಲೆ ನಿಲ್ಲುವ ನೈಟಿಯೇ ವಾಸಿ, ನಿರಿಗೆ ವಾಕರ್ ಕಾಲಿಗೆ ಸಿಕ್ಕಿ ಬಿದ್ದವರಿದ್ದಾರೆ.

ರಾಡ್, ಪ್ಲೇಟ್ ಹಾಕಿದ ಕಾಲಿಗೆ "ಕಾಲು ಭಾಗ ಭಾರ", "ಅರ್ಧ ಭಾರ" ಎಂದು ಬರೆದಿರುತ್ತಾರೆ. ಇದನ್ನು ಕಲಿಸುವ ಸುಲಭ ದಾರಿ ಮನೆಯ ತೂಕದ ಯಂತ್ರ. 60 ಕಿಲೋ ತೂಗುವವರಿಗೆ ಕಾಲು ಭಾಗ ಅಂದರೆ 15 ಕಿಲೋ. ವಾಕರ್ ಹಿಡಿದು ನಿಂತು ಆ ಕಾಲನ್ನು ತೂಕದ ಮೇಲಿಟ್ಟು ಮುಳ್ಳು 15ಕ್ಕೆ ಬರುವಷ್ಟೇ ಒತ್ತಬೇಕು, ಹಲವು ಸಲ, ಆಮೇಲೆ ನೋಡದೆ ಒತ್ತಿ ಸರಿ ಬಂತೇ ನೋಡಬೇಕು. ಬಹಳ ಜನ 15 ಅಂದುಕೊಂಡು 30 ಒತ್ತುತ್ತಾರೆ. ನೋವಿಲ್ಲ ಎಂಬ ಕಾರಣಕ್ಕೆ ಸರ್ಜನ್ ಕೇಳದೆ ಭಾರ ಹೆಚ್ಚಿಸುವ ಫಿಸಿಯೋ ಬೇಡ. ಮೂಳೆ ಕೂಡಿತೋ ಇಲ್ಲವೋ ಎಕ್ಸ್‌ರೇ ಹೇಳಬೇಕು, ನೋವು ಹೇಳುವುದಿಲ್ಲ.

ಮೊಣಕೈ ಪೆಟ್ಟಿನ ಬಗ್ಗೆ ಒಂದು ಎಚ್ಚರಿಕೆ, ವಿಶೇಷವಾಗಿ ಮಕ್ಕಳದ್ದು. ಕಟ್ಟು ಬಿಚ್ಚಿದ ಮೇಲೆ ಕೈ ನೇರವಾಗಲಿಲ್ಲವೆಂದು ಎಣ್ಣೆ ಹಚ್ಚಿ ತಿಕ್ಕುವುದು, ನೀರು ತುಂಬಿದ ಬಿಂದಿಗೆ ಹಿಡಿಸಿ ಜಗ್ಗುವುದು ಹಳ್ಳಿಗಳಲ್ಲಿ ಈಗಲೂ ಇದೆ. ಮೊಣಕೈ ಮುಂದಿನ ಸ್ನಾಯುವಿಗೆ ಹೀಗೆ ಹಿಂಸೆ ಕೊಟ್ಟರೆ ಅದರೊಳಗೇ ಮೂಳೆ ಬೆಳೆಯುತ್ತದೆ, ಆಮೇಲೆ ಕೈ ಪೂರ್ತಿ ಬಿಗಿದುಕೊಳ್ಳುತ್ತದೆ. ಮನೆಗೆ ಬಂದ ಫಿಸಿಯೋ ಮೊಣಕೈಗೆ ಮಸಾಜ್ ಮಾಡಲು ಹೊರಟರೆ ಅಥವಾ ಒತ್ತಿ ನೇರ ಮಾಡಲು ಹೊರಟರೆ ಅಲ್ಲೇ ತಡೆಯಿರಿ. ಮಗು ತಾನಾಗಿ ಆಡಿಸಿದಷ್ಟು ಸಾಕು, ತಿಂಗಳುಗಳಲ್ಲಿ ಬಹಳಷ್ಟು ತಾನೇ ಬರುತ್ತದೆ. ಲಕ್ವಾ ಹೊಡೆದವರ ಕೈಯನ್ನೂ ಕಂಕುಳಲ್ಲಿ ಹಿಡಿದು ಜಗ್ಗಿ ಎಬ್ಬಿಸಬಾರದು, ಸ್ನಾಯು ಸಡಿಲಾದ ಭುಜ ಗೂಡಿನಿಂದ ಕೆಳಗೆ ಜಾರುತ್ತದೆ. ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳಿಕೊಡುವುದು ಫಿಸಿಯೋ ಕರ್ತವ್ಯ.

ಈ ಸೇವೆ ಸಾಕಾಗದ ಕಡೆಯೂ ಇದೆ. ಕಬಡ್ಡಿ, ಕ್ರಿಕೆಟ್ ಆಡಿ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರು) ಹರಿದು ಆಪರೇಷನ್ ಮಾಡಿಸಿಕೊಂಡ ಹುಡುಗರಿಗೆ ಊತ ಇಳಿದು, ಮಂಡಿ ನೇರವಾಗಿ, ಸರಿಯಾಗಿ ನಡೆಯುವ ತನಕ ಮನೆ ಭೇಟಿ ಸಾಕು. ಆಮೇಲೆ ಸೈಕಲ್, ಲೆಗ್ ಪ್ರೆಸ್, ನೆಗೆತದ ಪರೀಕ್ಷೆ ಬೇಕು, ಅವು ಪಡಸಾಲೆಯಲ್ಲಿ ಆಗುವಂಥವಲ್ಲ. ರಬ್ಬರ್ ಬ್ಯಾಂಡ್ ಕಟ್ಟಿ ಆರು ತಿಂಗಳು ಎಳೆಸುತ್ತ ಮನೆಗೇ ಬರುತ್ತೇನೆ ಅನ್ನುವವರು ಹುಡುಗನ ಸಮಯ ಹಾಳುಮಾಡುತ್ತಿದ್ದಾರೆ. 9 ತಿಂಗಳಿಗೆ ಮುಂಚೆ ಮೈದಾನಕ್ಕಿಳಿದವರಲ್ಲಿ ಮತ್ತೆ ಪೆಟ್ಟಾಗುವುದು ಬಹಳ ಹೆಚ್ಚು, ಹಾಗಾಗಿ ಈ ಹುಡುಗರು ಕ್ಲಿನಿಕ್ಕಿಗೇ ಹೋಗಲಿ.

ಯಾರನ್ನು ಕರೆಸುವುದು? ಬಿಪಿಟಿ ಅಂದರೆ ಫಿಸಿಯೋಥೆರಪಿಯ ಪದವಿ, ಈಗ ಮನೆಗೆ ಬರುವವರಲ್ಲಿ ಹೆಚ್ಚಿನವರು ಓದಿದ್ದು ನಾಲ್ಕೂವರೆ ವರ್ಷ, ಅದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ಎಂಪಿಟಿ ಅದರ ಮೇಲಿನ ಸ್ನಾತಕೋತ್ತರ ಪದವಿ, ಎರಡು ವರ್ಷ. 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಯನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. ಓದು ಎಲ್ಲಿ ಆಯ್ತು, ಸರ್ಟಿಫಿಕೇಟ್ ತೋರಿಸ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಓದಿದವರು ಬೇಸರ ಪಡುವುದಿಲ್ಲ. ಇಲ್ಲಿ ಕಾಣುವ ಸಾಮಾನ್ಯ ಮೋಸ ಇದು: ಮೊದಲ ದಿನ ಓದಿದವರು ಬರುತ್ತಾರೆ, ಮೂರನೆಯ ದಿನದಿಂದ ಕ್ಲಿನಿಕ್‌ನ ಸಹಾಯಕ ಹುಡುಗ ಯಂತ್ರ ಹಿಡಿದು ಬರುತ್ತಾನೆ, ರೇಟು ಮಾತ್ರ ಅದೇ. ಒಬ್ಬರೇ ಬರಬೇಕು, ಬದಲಾದರೆ ಮೊದಲೇ ತಿಳಿಸಬೇಕು ಎಂದು ಶುರುವಲ್ಲೇ ಮಾತಾಡಿಕೊಳ್ಳಿ. ಹೆಂಗಸರಿಗೆ ಮಹಿಳಾ ಫಿಸಿಯೋ ಬೇಕಿದ್ದರೆ ಅದನ್ನೂ ಆಗಲೇ ಹೇಳಿ.

ದುಡ್ಡಿನ ಲೆಕ್ಕದಲ್ಲಿ, 20 ಅಥವಾ 30 ದಿನದ ಪ್ಯಾಕೇಜನ್ನು ಮುಂಗಡ ಕಟ್ಟಬೇಡಿ. ಭೇಟಿಗಳು ವಾರದಿಂದ ವಾರಕ್ಕೆ ಕಡಿಮೆಯಾಗಬೇಕು: ಮೊದಲ ಎರಡು ವಾರ ದಿನಾ ಅಥವಾ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಮೂರು, ಆಮೇಲೆ ಒಂದು. ಮುಂಗಡ ಕಟ್ಟಿದ ಪ್ಯಾಕೇಜಿನಲ್ಲಿ ಕಡಿಮೆ ಮಾಡುವ ಉಮೇದು ಯಾರಿಗೂ ಇರುವುದಿಲ್ಲ. ಹರಿಹರ 14 ಕಿಲೋಮೀಟರ್, ಆನಗೋಡು, ಮಾಯಕೊಂಡ ಕಡೆಯವರಿಗೆ ಓಡಾಟದ ಖರ್ಚು ಬೇರೆ ಸೇರುತ್ತದೆ. ಅವರು ವಾರಕ್ಕೆ ಎರಡು ಭೇಟಿ ಇಟ್ಟುಕೊಂಡು, ನಡುವಿನ ದಿನ ವಿಡಿಯೋ ಕರೆಯಲ್ಲಿ ವ್ಯಾಯಾಮ ತೋರಿಸಿ ತಿದ್ದಿಸಿಕೊಳ್ಳುವುದು ಚೆನ್ನಾಗಿಯೇ ನಡೆಯುತ್ತದೆ. ಇದಕ್ಕೆ ಮನೆಯಲ್ಲಿ ಒಬ್ಬರು, ಸೊಸೆಯೋ ಮೊಮ್ಮಗನೋ, ಫಿಸಿಯೋ ಎದುರಿಗೇ ಮಾಡಿಸಿ ಕಲಿತಿರಬೇಕು. ವಿಮೆ ಇದ್ದವರು ಡಿಸ್ಚಾರ್ಜ್ ನಂತರದ ಖರ್ಚಿನ ಷರತ್ತು ಓದಿ, ಡಾಕ್ಟರ್ ಚೀಟಿಯಲ್ಲಿ ಫಿಸಿಯೋಥೆರಪಿ ಎಂದು ಬರೆಸಿ, ಪ್ರತಿ ಭೇಟಿಗೂ ರಸೀದಿ ಪಡೆಯಿರಿ. ಫೋನ್‌ಪೇ ಸ್ಕ್ರೀನ್‌ಶಾಟ್ ರಸೀದಿಯಲ್ಲ.

ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಆ ದಿನ ವ್ಯಾಯಾಮವಿಲ್ಲ, ಮಸಾಜ್ ಅಂತೂ ಇಲ್ಲವೇ ಇಲ್ಲ. ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಅದೇ ದಿನ ಸರ್ಜನ್‌ಗೆ ತೋರಿಸಬೇಕು. ಜೊತೆಗೆ ಎದೆನೋವು, ಉಸಿರು ಸಿಕ್ಕುವುದು ಕಂಡರೆ 108. ಗಾಯದಲ್ಲಿ ಸೋರಿಕೆ, ಚಳಿ ಜ್ವರ ಕಂಡರೂ ಆಸ್ಪತ್ರೆಗೇ. ಇಂಥ ದಿನ ಬಾಗಿಲ ತನಕ ಬಂದು, ನೋಡಿ, "ಇವತ್ತು ಬೇಡ, ಮೊದಲು ಡಾಕ್ಟ್ರಿಗೆ ತೋರಿಸಿ" ಎಂದು ವಾಪಸ್ ಹೋದ ಫಿಸಿಯೋಗೆ ಆ ದಿನದ ಫೀಸು ಖಂಡಿತ ಕೊಡಿ.

ಆರನೆಯ ವಾರ ಸರ್ಜನ್ ಬಳಿ ಹೋಗುವಾಗ ಡಿಗ್ರಿ ಬರೆದ ಹಾಳೆ ತೆಗೆದುಕೊಂಡು ಹೋಗಿ. ನೇರವಾಗುವುದು, ಮಡಚುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲು, ಇಷ್ಟನ್ನು ತಾರೀಖಿನ ಸಮೇತ ನೋಡಿದರೆ ಮಂಡಿ ಬಿಗಿಯುತ್ತಿದೆಯೋ ಸುಧಾರಿಸುತ್ತಿದೆಯೋ ಅವರಿಗೆ ಅಲ್ಲೇ ತಿಳಿಯುತ್ತದೆ. ಬಿಗಿದ ಮಂಡಿಯನ್ನು ಅರಿವಳಿಕೆ ಕೊಟ್ಟು ಮಡಚಿಸುವ ಅಗತ್ಯ ಬಿದ್ದರೂ ಅದನ್ನು ಮೊದಲ ಮೂರು ತಿಂಗಳೊಳಗೆ ಮಾಡಿಸಿದರೇ ಫಲ ಹೆಚ್ಚು, ತಡವಾದಷ್ಟೂ ಕಷ್ಟ.